ಋಣ ಭಿನ್ನರಾಶಿ, ದಶಮಾಂಶ, ಪೂರ್ಣಾಂಕ ಎಲ್ಲಾ ಕೂಡಿ ಬಂದ್ರ ಏರಿಕೆ ಕ್ರಮಕ್ಕ ಹ್ಯಾಂಗ ಹಚ್ಚಬೇಕು?

ಸುರಪುರ ಟೀಚರ್:
ನಮಸ್ಕಾರ ಎಲ್ಲರಿಗೂ. ಏಳನೇ ತರಗತಿಯ ಭಾಗಲಬ್ಧ ಸಂಖ್ಯೆ ಪಾಠದ ಮ್ಯಾಲ ಒಂದು ಪ್ರಶ್ನೆ ಅದ. ಬರೇ ಪೂರ್ಣಾಂಕ ಕೊಟ್ರ ಮಕ್ಕಳು −7, −3, 0, 4 ಅಂತ ಸರಿಯಾಗೇ ಬರೀತಾರ. ಬರೇ ಧನ ಭಿನ್ನರಾಶಿ ಕೊಟ್ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತಗದು ಅದನ್ನೂ ಸರಿ ಮಾಡ್ತಾರ. ಎರಡನ್ನೂ ಕೂಡಿಸಿ ನಡುವ ದಶಮಾಂಶ ಇಟ್ರ ಕೆಡ್ತದ. ಈ ಲೆಕ್ಕ ನೋಡ್ರಿ, ಏರಿಕೆ ಕ್ರಮದಾಗ ಬರೀಬೇಕು:

5/8, −1.7, 0, −1¾, 0.6, −5/3, 2/3, −2, 1.05, 7/−8, −0.9

ಪದೇ ಪದೇ ಬರೋ ಉತ್ತರ ಇದು: 7/−8, −0.9, −5/3, −1.7, −1¾, −2, 0, 0.6, 5/8, 2/3, 1.05. ಧನ ಭಾಗ ಸರಿ ಅದ, ಋಣ ಭಾಗ ಪೂರಾ ಉಲ್ಟಾ. ಇನ್ನೊಂದಿಷ್ಟು ಮಕ್ಕಳು −1¾ ನ್ನ −1 ಮತ್ತ 0 ಇವುಗಳ ನಡುವ ಇಡ್ತಾರ. "ಋಣ ಇದ್ರ ಉಲ್ಟಾ ಮಾಡ್ರಿ" ಅಂತ ನಿಯಮ ಹೇಳಿದ್ರ ಎರಡು ದಿನ ನೆನಪಿರ್ತದ, ಮೂರನೇ ದಿನ ಧನ ಸಂಖ್ಯೆನೂ ಉಲ್ಟಾ ಮಾಡ್ತಾರ. ಎಲ್ಲಿಂದ ಸುರು ಮಾಡಬೇಕು?

ಸೇಡಂ ಮಾಸ್ತರ:
ಟೀಚರ್, ನೀವು ಹೇಳಿದ ಎರಡೂ ತಪ್ಪಿನ ಬೇರು ಬೇರೆ ಬೇರೆ ಅವ. ಒಂದೇ ಔಷಧ ಎರಡಕ್ಕೂ ನಡಿಯಂಗಿಲ್ಲ.

ಮೊದಲು ಲೆಕ್ಕ ಮಾಡೋ ದಾರಿ ಹೇಳ್ತೀನಿ. ಪಟ್ಟಿ ಕಂಡ ಕೂಡ್ಲೇ ದಶಮಾಂಶಕ್ಕ ತಿರುಗಿಸೋದಕ್ಕ ಓಡಬಾರದು. ಛೇದದಾಗ ಋಣ ಚಿಹ್ನೆ ಇದ್ರ ಅದನ್ನ ಮೊದಲು ಮ್ಯಾಲ ತರಬೇಕು: 7/−8 ಅಂದ್ರ −7/8. ಅಂಶ, ಛೇದ ಎರಡನ್ನೂ −1 ರಿಂದ ಗುಣಿಸಿದ್ವಿ, ಬೆಲೆ ಬದಲಾಗಲಿಲ್ಲ. ಆಮ್ಯಾಲ ಹಾಳಿ ಮ್ಯಾಲ ಮೂರು ಖಾನೆ: ಎಡಕ್ಕ ಋಣ, ನಡುವ ಸೊನ್ನೆ, ಬಲಕ್ಕ ಧನ. ಹನ್ನೊಂದು ಸಂಖ್ಯೆಯೊಳಗ ಋಣ ಆರು, ಸೊನ್ನೆ ಒಂದು, ಧನ ನಾಲ್ಕು. ಈ ಎಣಿಕೆ ಬಾಜುಕ ಬರದಿಡಿಸ್ರಿ, ಕೊನೆಗೆ ತಾಳೆ ನೋಡೋದಕ್ಕ ಬೇಕು. ಒಂದು ಸಂಖ್ಯೆ ಬಿಟ್ಟುಹೋಗಿ ಅಂಕ ಹೋಗೋದು ಭಾಳ.

ಇನ್ನು ಪ್ರತಿ ಖಾನೆಯೊಳಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಂಖ್ಯೆ ಯಾವ ಎರಡು ಪೂರ್ಣಾಂಕಗಳ ನಡುವ ಅದ? −1.7, −1¾, −5/3 ಮೂರೂ −2 ಮತ್ತ −1 ಇವುಗಳ ನಡುವ. −0.9, −7/8 ಎರಡೂ −1 ಮತ್ತ 0 ಇವುಗಳ ನಡುವ. −2 ತಾನೇ ಒಂದು ಕಡೆ. ಇಷ್ಟಕ್ಕ ಅರ್ಧ ಕೆಲಸ ಮುಗೀತು, ಇನ್ನೂ ಭಾಗಾಕಾರ ಮಾಡೇ ಇಲ್ಲ. ಜಗಳ ಉಳಿದಿದ್ದು ಒಂದೇ ಮನೆಯೊಳಗಿನ ಸಂಖ್ಯೆಗಳ ನಡುವ ಮಾತ್ರ.

−1¾, −1.7, −5/3: ಛೇದ 4, 10, 3. ಲ.ಸಾ.ಅ. 60. ಅಂದ್ರ −105/60, −102/60, −100/60.
−0.9, −7/8: ಛೇದ 10, 8. ಲ.ಸಾ.ಅ. 40. −36/40, −35/40.
0.6, 5/8, 2/3: ಲ.ಸಾ.ಅ. 120. 72/120, 75/120, 80/120.

ಉತ್ತರ: −2, −1¾, −1.7, −5/3, −0.9, 7/−8, 0, 0.6, 5/8, 2/3, 1.05. ಪ್ರಶ್ನೆಯೊಳಗ ಕೊಟ್ಟ ರೂಪದಾಗೇ ಬರೀಬೇಕು. −105/60 ಅಂತ ಬರದಿಟ್ರ ಬೆಲೆ ಸರಿ, ಆದ್ರ ಕೇಳಿದ್ದು ಅದಲ್ಲ.

ಈಗ −1¾ ರ ತಪ್ಪು. ಇಲ್ಲಿ ಋಣ ಚಿಹ್ನೆ 1 ಕ್ಕ ಅಷ್ಟೇ ಹತ್ತಿಲ್ಲ, ಇಡೀ ಒಂದೂಮುಕ್ಕಾಲಕ್ಕ ಹತ್ಯಾದ. −1¾ = −(1 + ¾) = −1.75. ಮಗು −1 ಕ್ಕ ಹೋಗಿ ಅಲ್ಲಿಂದ ¾ ಬಲಕ್ಕ ಬರ್ತದ, −¼ ಕ್ಕ ನಿಲ್ತದ. ಅದಕ್ಕ ಮಿಶ್ರ ಭಿನ್ನರಾಶಿ ಕಂಡ್ರ ಮೊದಲು ಆವರಣ ಹಾಕಿಸ್ರಿ. ಒಂದು ವಾರ ಆವರಣ ಹಾಕಿದ್ರ ಈ ತಪ್ಪು ಹೋಗ್ತದ.

ಆಳಂದ ಕೋಚಿಂಗ್:
ಮಾಸ್ತರ್, ದಾರಿ ಸರಿ ಅದ. ಆದ್ರ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯೊಳಗ 90 ಪ್ರಶ್ನೆಗೆ 90 ನಿಮಿಷ. ಲ.ಸಾ.ಅ. ಮೂರು ಸಲ ತಗದ್ರ ಟೈಮ್ ಹೋಯ್ತು. ದಶಮಾಂಶಕ್ಕ ತಿರುಗಿಸೋದೇ ಬೇಗ ಆಗ್ತದ. ಹುಡುಗರಿಗೆ ಈ ಹತ್ತು ಬೆಲೆ ಬಾಯಿಪಾಠ ಇರಬೇಕು: 1/2 = 0.5, 1/3 = 0.333…, 2/3 = 0.666…, 1/4 = 0.25, 3/4 = 0.75, 1/5 = 0.2, 1/6 = 0.1666…, 1/8 = 0.125, 1/9 = 0.111…, 1/11 = 0.0909…. 5/8 ಬೇಕಾದ್ರ 0.125 × 5 = 0.625, ಭಾಗಾಕಾರ ಮಾಡೋದೇ ಬ್ಯಾಡ. ಅಂಕಿ ಕಡಿಮೆ ಇರೋ ಕಡೆ ಬಲಕ್ಕ ಸೊನ್ನೆ ತುಂಬಿ ಎಲ್ಲಾ ಸಮ ಮಾಡಿ ನೋಡಬೇಕು: 0.600, 0.625, 0.666.

ಭಾಲ್ಕಿ ಬಿ.ಎಡ್.:
ಕೋಚಿಂಗ್ ಸರ್, ದಶಮಾಂಶದ ದಾರಿಗೆ ಒಂದು ಗುಂಡಿ ಇದೆ. 2/3, 0.67, 0.666 ಈ ಮೂರನ್ನು ಕ್ರಮಕ್ಕೆ ಹಚ್ಚಿ. ಎರಡು ಸ್ಥಾನಕ್ಕೆ ಅಂದಾಜು ಮಾಡಿದರೆ ಮೂರೂ 0.67. ಮೂರು ಸ್ಥಾನಕ್ಕೆ ಕತ್ತರಿಸಿದರೆ 2/3 ಮತ್ತು 0.666 ಒಂದೇ ಆಗಿಬಿಡುತ್ತವೆ. ನಿಜವಾದ ಕ್ರಮ 0.666, 2/3, 0.67. ಅವುಗಳ ಮುಂದೆ ಋಣ ಚಿಹ್ನೆ ಬಂದರೆ −0.67, −2/3, −0.666.

ಆದ್ದರಿಂದ ಅಂದಾಜು ಮಾಡಲೇಬಾರದು. ಭಾಗಾಕಾರವನ್ನು ಅಂಕಿಯಿಂದ ಅಂಕಿಗೆ ಮುಂದುವರಿಸಿ, ಎಲ್ಲಿ ಅಂಕಿ ಬೇರೆಯಾಗುತ್ತದೋ ಅಲ್ಲಿ ನಿಲ್ಲಿಸಬೇಕು. 5/7 ಮತ್ತು 0.714 ನೋಡಿ: 5/7 = 0.7142…, ಇನ್ನೊಂದು 0.7140. ನಾಲ್ಕನೇ ಅಂಕಿಯಲ್ಲಿ ತೀರ್ಮಾನ ಆಯಿತು, 5/7 ದೊಡ್ಡದು.

ಯಾವಾಗ ದಶಮಾಂಶ, ಯಾವಾಗ ಲ.ಸಾ.ಅ. ಎಂದು ಛೇದ ನೋಡಿದರೆ ಗೊತ್ತಾಗುತ್ತದೆ. ಭಿನ್ನರಾಶಿಯನ್ನು ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ದಶಮಾಂಶ ಮುಗಿಯುತ್ತದೆ: 8, 20, 25, 40, 125. ಅಲ್ಲಿ ದಶಮಾಂಶವೇ ಒಳ್ಳೆಯದು. 3, 7, 9, 11, 12 ಇಂಥ ಛೇದ ಬಂದರೆ ಆವರ್ತ ದಶಮಾಂಶ (ಅಂಕಿಗಳು ಮುಗಿಯದೆ ಮತ್ತೆ ಮತ್ತೆ ಬರುತ್ತವೆ), ಅಲ್ಲಿ ಎರಡೆರಡು ಸಂಖ್ಯೆಯನ್ನು ಅಡ್ಡ ಗುಣಾಕಾರದಿಂದ ಹೋಲಿಸುವುದು ಖಚಿತ. 6/15 ನೋಡಿ ಆವರ್ತ ಅಂದುಕೊಳ್ಳಬೇಡಿ, ಸಂಕ್ಷೇಪಿಸಿದರೆ 2/5.

ಬೀದರ್ ಪಾಲಕ:
ಅಡ್ಡ ಗುಣಾಕಾರ ಅಂದ್ರಲ್ಲ, ಅದರ ಬಗ್ಗೆನೇ ಕೇಳೋದಿತ್ತು. 3/−4 ಮತ್ತ −5/6. ಅಡ್ಡ ಗುಣಿಸಿದ್ರ 3 × 6 = 18, (−4) × (−5) = 20. 18 ಸಣ್ಣದು, ಹಂಗಾದ್ರ 3/−4 ಸಣ್ಣದು ಅಂತ ಬರ್ತದ. ಪುಸ್ತಕದ ಹಿಂದಿನ ಉತ್ತರ ಬೇರೆ ಅದ. ಯಾಕ್ರಿ?

ಸೇಡಂ ಮಾಸ್ತರ:
ಉತ್ತರ ಪುಸ್ತಕದ್ದೇ ಸರಿ ರೀ. 3/−4 = −0.75, −5/6 = −0.8333…. ಅಂದ್ರ −5/6 ಸಣ್ಣದು.

ಅಡ್ಡ ಗುಣಾಕಾರ ಅಂದ್ರ ಎರಡೂ ಕಡೆ 4 × 6 ಇಂಥ ಛೇದಗಳ ಗುಣಲಬ್ಧದಿಂದ ಗುಣಿಸೋದು. ಆ ಗುಣಲಬ್ಧ ಧನ ಇದ್ರ ಚಿಹ್ನೆ ಹಂಗೇ ಉಳೀತದ. ನಿಮ್ಮ ಲೆಕ್ಕದಾಗ (−4) × 6 = −24, ಋಣ ಸಂಖ್ಯೆಯಿಂದ ಗುಣಿಸಿದ ಕೂಡ್ಲೇ '<' ಇದ್ದದ್ದು '>' ಆಗಬೇಕು. ಅದು ಆಗಲಿಲ್ಲ. ಛೇದ ಮೊದಲು ಧನ ಮಾಡ್ರಿ ಅಂತ ಮ್ಯಾಲ ಹೇಳಿದ್ದು ಇದಕ್ಕೇ. −3/4 ಮತ್ತ −5/6 ತಗೊಂಡ್ರ (−3) × 6 = −18, (−5) × 4 = −20. −20 ಸಣ್ಣದು, ಹಂಗಾಗಿ −5/6 ಸಣ್ಣದು. ಮುಗೀತು.

ಬೀದರ್ ಪಾಲಕ:
ತಿಳೀತ್ರಿ. ಧನ್ಯವಾದ.

ಶಹಾಬಾದ್ ಸೈಟ್ ಮೇಸ್ತ್ರಿ:
ಮಕ್ಕಳಿಗೆ ಅಡ್ಡ ಸಂಖ್ಯಾರೇಖೆ ತಿಳೀಲಿಲ್ಲಂದ್ರ ಅದನ್ನ ಕೆಳಗಿನಿಂದ ಮ್ಯಾಲಕ್ಕ ನಿಲ್ಲಿಸಿ ತೋರಿಸ್ರಿ. ಮನಿ ಕಟ್ಟೋ ಜಾಗದಾಗ ಪ್ಲಿಂತ್ (ಮನಿ ನೆಲಗಟ್ಟು) ಮಟ್ಟಕ್ಕ 0.00 ಅಂತ ಗುರುತು ಹಾಕ್ತಾರ. ರೋಡ್ −0.45, ಪಾಯದ ತಳ −1.5, ಸಂಪಿನ ತಳ −2.1, ಲಿಂಟಲ್ (ಬಾಗಿಲ ಮ್ಯಾಲಿನ ತೊಲೆ) +2.1, ಎಲ್ಲಾ ಮೀಟರಿನಾಗ. ಕೆಳಗಿನಿಂದ ಮ್ಯಾಲ ಏರ್ತಾ ಹೋದ್ರ −2.1, −1.5, −0.45, 0, 2.1. ಏರಿಕೆ ಕ್ರಮ ಅಂದ್ರ ಖರೇನೇ ಏರೋದು. ಇಲ್ಲಿ ಯಾರೂ ಉಲ್ಟಾ ಮಾಡಂಗಿಲ್ಲ, ಸಂಪಿನ ತಳ ರೋಡಿಗಿಂತ ಮ್ಯಾಲ ಅದ ಅಂತ ಯಾರೂ ಅನ್ನಂಗಿಲ್ಲ.

ಧನ ಭಿನ್ನರಾಶಿಗೆ ಸೂತ್ ಇಟ್ಕೊಳ್ರಿ. ಇಂಚಿಗೆ ಎಂಟು ಸೂತ್. 5/8 ಅಂದ್ರ ಐದು ಸೂತ್, 3/4 ಅಂದ್ರ ಆರು, 1/2 ಅಂದ್ರ ನಾಲ್ಕು. ಟೇಪ್ ಹಿಡದು ತೋರಿಸಿದ್ರ 1/8 ಇಂಚು 1/4 ಇಂಚಿಗಿಂತ ಸಣ್ಣದು ಅಂತ ಬಾಯಿಲೆ ಹೇಳೋದು ಬ್ಯಾಡ.

ಯಾದಗಿರಿ ಸಿಆರ್‌ಪಿ:
ಮೇಸ್ತ್ರಿ ಅಣ್ಣ ಹೇಳಿದ್ದರಲ್ಲಿ ಬಹಳ ದೊಡ್ಡ ವಿಷಯ ಅಡಗಿದೆ. ಅದನ್ನು ಬಿಡಿಸಿ ಹೇಳಬೇಕು ಅನಿಸಿತು.

ನಮ್ಮ ಮಾತಿನ 'ದೊಡ್ಡದು' ಅನ್ನೋ ಪದವೇ ಇಲ್ಲಿ ಮಕ್ಕಳನ್ನು ದಾರಿ ತಪ್ಪಿಸುತ್ತದೆ. 500 ರೂಪಾಯಿ ಉದ್ರಿ, 300 ರೂಪಾಯಿ ಉದ್ರಿ, ಯಾವ ಉದ್ರಿ ದೊಡ್ಡದು? 500ರದು. ಮಾತಿನಲ್ಲಿ ಅದು ಸರಿ. ಮಗು ಅದನ್ನೇ ಲೆಕ್ಕಕ್ಕೆ ತಂದು −500 > −300 ಎಂದು ಬರೆಯುತ್ತದೆ. ಬಾವಿಯ ಉದಾಹರಣೆಯಲ್ಲೂ 'ಯಾವುದು ಹೆಚ್ಚು ಆಳ' ಎಂದು ಕೇಳಿದರೆ ಇದೇ ಎಡವಟ್ಟು. ಮಗು ಹೇಳುತ್ತಿರುವುದು ಸೊನ್ನೆಯಿಂದ ಇರುವ ದೂರ, ನಾವು ಕೇಳುತ್ತಿರುವುದು ಬೆಲೆ. ಎರಡಕ್ಕೂ ನಾವು ಒಂದೇ ಪದ ಬಳಸಿದರೆ ತಪ್ಪು ಮಗುವಿನದಲ್ಲ.

ಹಾಗಾಗಿ ಮೊದಲ ಒಂದು ವಾರ 'ದೊಡ್ಡದು, ಸಣ್ಣದು' ಬಿಟ್ಟು ಹೀಗೆ ಕೇಳಿ: ಸಂಖ್ಯಾರೇಖೆ ಮ್ಯಾಲ ಯಾವುದು ಬಲಕ್ಕ ಅದ? ನೀರಿನ ಮಟ್ಟ ಯಾವುದು ಮ್ಯಾಲ ಅದ? ಉದ್ರಿ ಲೆಕ್ಕ ಇದ್ದರೆ 'ಯಾರ ಸ್ಥಿತಿ ಚಲೋ ಅದ' ಎಂದು ಕೇಳಿ. ಬಲಕ್ಕೆ ಇರುವುದೇ ಹೆಚ್ಚಿನ ಬೆಲೆ ಎಂಬುದು ಗಟ್ಟಿಯಾದ ಮೇಲೆ 'ಉಲ್ಟಾ ಮಾಡಿ' ಎಂಬ ನಿಯಮವೇ ಬೇಡ.

ನಮ್ಮ ಜಿಲ್ಲೆಯ ಮಕ್ಕಳಿಗೆ ನಾರಾಯಣಪುರದ ಬಸವಸಾಗರ ಜಲಾಶಯ ಗೊತ್ತು. ಅದರ ಪೂರ್ಣ ಮಟ್ಟ 492.25 ಮೀಟರ್. ಅದನ್ನು ಸೊನ್ನೆ ಎಂದು ಇಟ್ಟುಕೊಂಡು ನೀರು 491.9 ಇದ್ದರೆ −0.35, 491.85 ಇದ್ದರೆ −0.4, 491.5 ಇದ್ದರೆ −0.75 ಎಂದು ಬರೆಸಿ. ಯಾವ ದಿನ ನೀರು ಮೇಲಿತ್ತು ಎಂದು ಕೇಳಿ.

ಈ ಮೂರು ಬೆಲೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಶಿಕ್ಷಕರು ದಯವಿಟ್ಟು ಗಮನಿಸಿ. −0.4, −0.35 ಕೊಟ್ಟು 'ಯಾವುದು ಹೆಚ್ಚು' ಎಂದು ಕೇಳಿದರೆ −0.35 ಎಂದು ಸರಿಯುತ್ತರ ಬರಬಹುದು, ಮಗುವಿಗೆ ಎರಡೂ ವಿಷಯ ತಿಳಿಯದೇ ಇದ್ದರೂ! ದಶಮಾಂಶ ಬಿಂದು ಮರೆತು 35 ದೊಡ್ಡದು, 4 ಸಣ್ಣದು ಅಂದುಕೊಂಡಿತು: ಮೊದಲ ತಪ್ಪು. ಋಣ ಚಿಹ್ನೆಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ: ಎರಡನೇ ತಪ್ಪು. ಎರಡು ತಪ್ಪು ಸೇರಿ ಉತ್ತರ ಸರಿ ಬಂತು. ಆದ್ದರಿಂದ ಪರೀಕ್ಷಿಸುವಾಗ ಒಂದೊಂದನ್ನೇ ಹಿಡಿಯಬೇಕು. ದಶಮಾಂಶದ ಅರಿವು ನೋಡಲು 0.4 ಮತ್ತು 0.35. ಋಣದ ಅರಿವು ನೋಡಲು −0.45 ಮತ್ತು −0.3. ಎರಡೂ ಸರಿಯಾದ ಮೇಲಷ್ಟೇ −0.4, −0.35.

ಸುರಪುರ ಟೀಚರ್:
ಸರ್, ಇದು ಭಾಳ ಉಪಯೋಗ ಆಯ್ತು. 'ಉಲ್ಟಾ' ಅನ್ನೋ ಮಾತು ಇನ್ನ ಹೇಳಂಗಿಲ್ಲ. ಸಂಖ್ಯಾರೇಖೆ ಬೋರ್ಡ್ ಮ್ಯಾಲ ಬರದ್ರ −1.7, −5/3, −1¾ ಒಂದರ ಮ್ಯಾಲ ಒಂದು ಕೂಡ್ತಾವ, ಹಿಂದಿನ ಬೆಂಚಿಗೆ ಕಾಣಂಗಿಲ್ಲ. ಅದಕ್ಕ ಏನು ಮಾಡಬೇಕು?

ಹುಮನಾಬಾದ್ ಗಣಿತ ಕಿಟ್:
ಬೋರ್ಡ್ ಬಿಡ್ರಿ, ನೆಲದ ಮ್ಯಾಲ ಎಳೀರಿ. ಒಂದು ಮಾನಕ್ಕ 120 ಸೆಂಟಿಮೀಟರ್. ಯಾಕ 100 ಅಲ್ಲ ಅಂದ್ರ 120 ಕ್ಕ 2, 3, 4, 5, 6, 8, 10, 12 ಎಲ್ಲಾದರಿಂದ ಭಾಗ ಹೋಗ್ತದ. 100 ಇಟ್ರ 1/3 ಕ್ಕ 33.3 ಬಂದು ಕೂಡ್ತದ.

−2 ರಿಂದ 2 ರ ತನಕ 480 ಸೆಂ.ಮೀ., ವರಾಂಡದಾಗ ಆರಾಮ ಹಿಡೀತದ. ಸುತಲಿ ದಾರ ಕಟ್ಟಬ್ಯಾಡ್ರಿ, ನಡುವ ಜೋತು ಬಿದ್ದು ಅಳತಿ ತಪ್ತದ. ಮೇಸ್ತ್ರಿಗಳ ಹತ್ರ ಇರೋ ನೀಲಿ ದಾರ ಹೊಡದ್ರ ನೆಟ್ಟಗೆ ಗೆರಿ ಬೀಳ್ತದ. ಟೇಪಿನ ಸೊನ್ನೆ ಗೆರಿಯ ಸೊನ್ನೆ ಮ್ಯಾಲ ಇಟ್ಟು ಎರಡೂ ಕಡೆ ಅಳೀರಿ. ನಿಮ್ಮ ಪಟ್ಟಿಗೇ ಲೆಕ್ಕ ಹಾಕೀನಿ:

ಎಡಕ್ಕ: −7/8 ಗೆ 105, −0.9 ಕ್ಕ 108, −5/3 ಕ್ಕ 200, −1.7 ಕ್ಕ 204, −1¾ ಕ್ಕ 210, −2 ಕ್ಕ 240.
ಬಲಕ್ಕ: 0.6 ಕ್ಕ 72, 5/8 ಕ್ಕ 75, 2/3 ಕ್ಕ 80, 1.05 ಕ್ಕ 126.

ಎಲ್ಲಾ ಪೂರ್ಣ ಸೆಂಟಿಮೀಟರ್. ಸೇಡಂ ಮಾಸ್ತರ ಮ್ಯಾಲ ತಗದ 72, 75, 80 ಇಲ್ಲಿ ಹಂಗೇ ಬಂದಾವ ನೋಡ್ರಿ, ಲ.ಸಾ.ಅ. ಅಂದ್ರ ಏನು ಅಂತ ಮಕ್ಕಳು ಕಾಲಿಲೆ ನಡದು ನೋಡ್ತಾರ. −7/8 ಮತ್ತ −0.9 ನಡುವ ಮೂರೇ ಸೆಂಟಿಮೀಟರ್, ಆದ್ರೂ ಕಣ್ಣಿಗೆ ಕಾಣ್ತದ. ಸಂಖ್ಯೆ ಬರದ ಚೀಟಿ ಮಕ್ಕಳ ಕೈಯಾಗ ಕೊಟ್ಟು ಮೊದಲು ಅಂದಾಜಿಲೆ ನಿಲ್ಲಿಸ್ರಿ, ಆಮ್ಯಾಲ ಟೇಪ್ ಹಿಡೀರಿ. ಮೊದಲೇ ಅಳದು ಕೊಟ್ರ ಅದು ಬರೇ ಟೇಪ್ ಓದೋ ಪಾಠ ಆಗ್ತದ. ಛೇದ 7, 9, 11 ಇಂಥವು ಬಂದ್ರ ಪೂರ್ಣ ಸೆಂಟಿಮೀಟರ್ ಬರಂಗಿಲ್ಲ, ಅದನ್ನ ಕೊನೆಗೆ ಇಡ್ರಿ.

ಮಳಖೇಡ ಓದುಗ:
ಲ.ಸಾ.ಅ. ಮಾತು ಬಂದಿದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಧನ, ಋಣ, ಶೂನ್ಯ ಇವುಗಳ ಲೆಕ್ಕಕ್ಕೆ ನಿಯಮ ಬರೆದಿಟ್ಟವರು ಬ್ರಹ್ಮಗುಪ್ತರು, 628ರಲ್ಲಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿದರು. ಆ ದೊರೆಯ ರಾಜಧಾನಿ ಮಾನ್ಯಖೇಟ ಅಂದರೆ ಇವತ್ತಿನ ನಮ್ಮ ಮಳಖೇಡ, ಸೇಡಂ ತಾಲೂಕು, ಕಾಗಿಣಾ ದಂಡೆ. ಭಿನ್ನರಾಶಿಗಳನ್ನು ಸಮಛೇದಕ್ಕೆ ತರಲು ಛೇದಗಳ ಲ.ಸಾ.ಅ. ತೆಗೆಯುವ ಕ್ರಮ ಅದರಲ್ಲಿದೆ, ಅದಕ್ಕೆ ಅವರು ಕೊಟ್ಟ ಹೆಸರು 'ನಿರುದ್ಧ'.

ಅವರು ಪೂರ್ಣಕ್ಕೆ ಭಾಗ ಕೂಡಿದ್ದನ್ನು 'ಭಾಗಾನುಬಂಧ' ಎಂದೂ ಪೂರ್ಣದಿಂದ ಭಾಗ ಕಳೆದದ್ದನ್ನು 'ಭಾಗಾಪವಾಹ' ಎಂದೂ ಬೇರೆ ಮಾಡಿದ್ದಾರೆ. ನಮ್ಮ ಬಜಾರದ ಮಾತಿನಲ್ಲಿ ಈ ಎರಡೂ ಇವತ್ತಿಗೂ ಜೀವಂತ ಇವೆ. ಸವ್ವಾ ಎರಡು ಅಂದರೆ 2 + ¼, ಪೌಣೆ ಎರಡು ಅಂದರೆ 2 − ¼. −1¾ ನ್ನು −1ರ ಬಲಕ್ಕೆ ಇಡುವ ಮಗುವಿಗೆ 'ಪೌಣೆ ಎರಡು' ಎಂದು ಓದಿಸಿ. ಎರಡಕ್ಕೆ ಕಾಲು ಕಮ್ಮಿ ಎಂದು ಕೇಳಿದ ಮಗು ಅದನ್ನು ಎರಡರ ಹತ್ತಿರವೇ ಹುಡುಕುತ್ತದೆ. ಋಣ ಕಡೆ ಹೋದರೆ −2ರಿಂದ ಕಾಲು ಮಾನ ಬಲಕ್ಕೆ.

ಭಾಲ್ಕಿ ಬಿ.ಎಡ್.:
ಇದು ಚೆಂದ ಇದೆ. 7/8, 8/9, 5/6 ಹೋಲಿಸಲಿಕ್ಕೂ ಇದೇ ಉಪಾಯ: ಒಂದಕ್ಕೆ ಎಷ್ಟು ಕಮ್ಮಿ? 1/8, 1/9, 1/6. ಕಮ್ಮಿ ಇರುವುದು ಯಾವುದಕ್ಕೆ ಅತಿ ಸಣ್ಣದೋ ಅದು 1ಕ್ಕೆ ಅತಿ ಹತ್ತಿರ. ಏರಿಕೆ ಕ್ರಮ 5/6, 7/8, 8/9. ಋಣದಲ್ಲಿ −8/9 ಎಂಬುದು −1ಕ್ಕೆ ಅತಿ ಹತ್ತಿರ, ಹಾಗಾಗಿ ಅದೇ ಎಲ್ಲಕ್ಕಿಂತ ಎಡಕ್ಕೆ.

ಚಿತ್ತಾಪುರ ಆಪರೇಟರ್:
ಪ್ರಶ್ನೆಪತ್ರಿಕೆ ಉತ್ತರ ಎಕ್ಸೆಲ್‌ನಾಗ ಸಾರ್ಟ್ ಮಾಡಿ ತಾಳೆ ನೋಡೋರು ಇದಿಷ್ಟು ನೆನಪಿಡ್ರಿ. ಖಾನೆಯೊಳಗ 3/4 ಅಂತ ಬರೇ ಟೈಪ್ ಮಾಡಿದ್ರ ಅದು ತಾರೀಖು ಆಗ್ತದ. =3/4 ಅಂತ ಹಾಕ್ರಿ, ಇಲ್ಲಾ ಸೊನ್ನೆ, ಸ್ಪೇಸ್, ಆಮ್ಯಾಲ 3/4. −1¾ ಕ್ಕ =-(1+3/4) ಹಾಕಬೇಕು. =-1+3/4 ಹಾಕಿದ್ರ −0.25 ಬರ್ತದ, ಹುಡುಗರು ಮಾಡೋ ತಪ್ಪು ಮಷೀನೂ ಮಾಡ್ತದ. ವರ್ಡ್‌ನಿಂದ ಕಾಪಿ ಮಾಡಿದ್ರ ಋಣ ಚಿಹ್ನೆ ಬದಲಿ ಉದ್ದ ಗೆರಿ ಬಂದಿರ್ತದ, ಆ ಸಂಖ್ಯೆ ಅಕ್ಷರ ಅಂತ ತಿಳಕೊಂಡು ಎಲ್ಲಾ ಸಂಖ್ಯೆಗಳ ಕೆಳಗ ಹೋಗಿ ಕೂಡ್ತದ. ಖಾನೆಯೊಳಗ ಎಡಕ್ಕ ಅಂಟಿದ್ರ ಅದು ಅಕ್ಷರ, ಬಲಕ್ಕ ಇದ್ರ ಸಂಖ್ಯೆ.

ಸೇಡಂ ಮಾಸ್ತರ:
ಟೀಚರ್, ನಾಳಿ ತರಗತಿಗೆ ಒಂದು ಪಟ್ಟಿ ಕೊಡ್ತೀನಿ, ಮ್ಯಾಲ ಬಂದ ಗುಂಡಿ ಒಂದೊಂದೂ ಇದರಾಗ ಅವ. ಏರಿಕೆ ಕ್ರಮ:

0.1, −2⅓, 0.07, 9/−4, −0.11, −2.3, 1/15, −1/9, −2.35

ಆಳಂದ ಕೋಚಿಂಗ್:
−2.35, −2⅓, −2.3, 9/−4, −0.11, −1/9, 1/15, 0.07, 0.1. ಸರಿ ಅಲ್ಲೇನ್ರಿ ಮಾಸ್ತರ್?

ಸೇಡಂ ಮಾಸ್ತರ:
ಎಲ್ಲಾ ಸರಿ, ಒಂದು ಜೋಡಿ ಬಿಟ್ಟು. −1/9 ಮತ್ತ −0.11 ಅದಲು ಬದಲು ಆಗ್ಯಾವ. 1/9 = 0.111…, ಇನ್ನೊಂದು 0.110. ಮೂರನೇ ಅಂಕಿಯೊಳಗ ಬೇರೆ ಆಯ್ತು. ನಂಬಿಕಿ ಬರಲಿಲ್ಲಂದ್ರ 0.11 ನ್ನ 11/100 ಮಾಡಿ ಅಡ್ಡ ಗುಣಿಸ್ರಿ: 1 × 100 = 100, 11 × 9 = 99. 1/9 ಸೊನ್ನೆಯಿಂದ ಒಂದು ಕೂದಲೆಳೆಯಷ್ಟು ಹೆಚ್ಚು ದೂರ, ಹಂಗಾಗಿ −1/9 ಎಡಕ್ಕ, −0.11 ಅದರ ಬಲಕ್ಕ.

ಆಳಂದ ಕೋಚಿಂಗ್:
ಹೌದ್ರಿ, ಎರಡು ಸ್ಥಾನಕ್ಕ ನಿಲ್ಲಿಸಿದ್ದೇ ತಪ್ಪಾಯ್ತು. ಬಾಯಿಪಾಠದ ಪಟ್ಟಿಯೊಳಗ 1/9 ರ ಮುಂದ ಆ ಮೂರು ಚುಕ್ಕಿ ಕೆಂಪು ಪೆನ್ನಿಲೆ ಬರಸ್ತೀನಿ.